ಮೂರು ತಿಂಗಳಾಯ್ತು ಜಿಮ್ ಸೇರಿ, ಮೈಕೈ ತುಂಬುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹಾಸನದ_ಹುಡುಗ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ವಯಸ್ಸು 24, ಎತ್ತರ 172 ಸೆಂ.ಮೀ., ತೂಕ 54 ಕೆ.ಜಿ. ಊರು ಹಾಸನದ ಹತ್ತಿರ, ಈಗ ಬೆಂಗಳೂರಲ್ಲಿ ಪಿ.ಜಿ.ಯಲ್ಲಿದ್ದೇನೆ. ಇಡೀ ದಿನ ಕೂತು ಮಾಡುವ ಕೆಲಸ. ಚಿಕ್ಕಂದಿನಿಂದ ಸಣಕಲು. ಊರಿಗೆ ಹೋದಾಗೆಲ್ಲ "ಏನೋ, ಅಲ್ಲಿ ಹೊಟ್ಟೆಗೆ ಹಾಕಲ್ವಾ ನಿಂಗೆ?" ಅಂತಾರೆ. ಕೇಳಿ ಕೇಳಿ ಬೇಜಾರಾಗಿ ಜಿಮ್ ಸೇರಿದೆ.

ವಾರಕ್ಕೆ ಐದು ದಿನ ತಪ್ಪದೆ ಹೋಗುತ್ತೇನೆ. ಸೋಮವಾರ ಎದೆ, ಮಂಗಳವಾರ ಬೈಸೆಪ್ಸ್, ಬುಧವಾರ ಮತ್ತೆ ಎದೆ, ಗುರುವಾರ ಭುಜ, ಶುಕ್ರವಾರ ಬೈಸೆಪ್ಸ್ ಮತ್ತು ಹೊಟ್ಟೆ. ಮೂರು ತಿಂಗಳಲ್ಲಿ ತೂಕ ಅರ್ಧ ಕೆ.ಜಿ. ಕೂಡ ಏರಿಲ್ಲ. ಬಲ ಭುಜದ ಮುಂಭಾಗ ಬೇರೆ ನೋಯುತ್ತಿದೆ. ಜಿಮ್‌ನವರು ತೂಕ ಏರಿಸುವ ಪುಡಿ ಮಾಸ್ ಗೇನರ್ ಡಬ್ಬ ತಗೋ, 3,800 ರೂಪಾಯಿ, ಅದಿಲ್ಲದೆ ಮೈ ಬರಲ್ಲ ಅನ್ನುತ್ತಿದ್ದಾರೆ. ಮನೆಗೆ ಕಳಿಸಿ ಉಳಿಯುವ ದುಡ್ಡು ಕಡಿಮೆ. ತಗೊಳ್ಳಲಾ ಬೇಡವಾ, ದಯವಿಟ್ಟು ಗೊತ್ತಿದ್ದವರು ಹೇಳಿ.

ಕಬ್ಬಿಣ_ಕಸರತ್ತು (ಭಾನುವಾರ, ರಾತ್ರಿ 10:15)

ತಮ್ಮ, ಡಬ್ಬ ಈಗಲೇ ತಗೋಬೇಡ. ಹನ್ನೊಂದು ವರ್ಷದಿಂದ ಮೈಸೂರಲ್ಲಿ ತರಬೇತಿ ಕೊಡುತ್ತಿದ್ದೇನೆ. ನಿನ್ನಂಥ ಹುಡುಗರು ತಿಂಗಳಿಗೆ ನಾಲ್ಕೈದು ಜನ ಬರುತ್ತಾರೆ. ಎರಡು ಪ್ರಶ್ನೆಗೆ ಉತ್ತರ ಕೊಡು. ನಿನ್ನೆ ಬೆಳಗಿನಿಂದ ರಾತ್ರಿ ತನಕ ಏನೇನು ತಿಂದೆ? ಒಂದು ಟೀ ಕೂಡ ಬಿಡಬೇಡ. ಎರಡನೇದು, ಮೊದಲ ವಾರ ಬೆಂಚ್ ಪ್ರೆಸ್‌ನಲ್ಲಿ ಎಷ್ಟು ಕೆ.ಜಿ. ಎಷ್ಟು ಸಲ ಎತ್ತಿದ್ದೆ, ಈಗ ಎಷ್ಟು ಎತ್ತುತ್ತೀಯ?

ಹಾಸನದ_ಹುಡುಗ (ಭಾನುವಾರ, ರಾತ್ರಿ 10:31)

ಬೆಳಗ್ಗೆ ಒಂದು ಪ್ಲೇಟ್ ಚಿತ್ರಾನ್ನ. ದಿನಕ್ಕೆ ಮೂರು ಟೀ. ಮಧ್ಯಾಹ್ನ ಅನ್ನ, ಬೇಳೆಸಾರು, ಬೀನ್ಸ್ ಪಲ್ಯ. ಸಂಜೆ ಜಿಮ್ ಮುಗಿಸಿ ಮಸಾಲೆಪುರಿ. ರಾತ್ರಿ ಮೂರು ಚಪಾತಿ, ಸಾಗು, ಸ್ವಲ್ಪ ಅನ್ನ ಮಜ್ಜಿಗೆ. ಹೊಟ್ಟೆ ತುಂಬಾನೇ ತಿನ್ನುತ್ತೇನೆ ಅಣ್ಣ.

ಬೆಂಚ್ ಪ್ರೆಸ್ ಮೊದಲು ಎಷ್ಟಿತ್ತು ಅಂತ ನೆನಪಿಲ್ಲ. ಈಗಲೂ ಸುಮಾರು ಅಷ್ಟೇ ಇರಬೇಕು. ಪಕ್ಕದಲ್ಲಿ ಯಾರು ಏನು ಮಾಡುತ್ತಿರುತ್ತಾರೋ ಅದನ್ನು ನೋಡಿಕೊಂಡು ಮಾಡುತ್ತೇನೆ.

ತಟ್ಟೆ_ಲೆಕ್ಕ (ಸೋಮವಾರ, ಬೆಳಗ್ಗೆ 7:05)

ನಾನು ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆ. ನಿನ್ನ ತಟ್ಟೆಯ ಪ್ರೋಟೀನ್ ಲೆಕ್ಕ ಹಾಕೋಣ ಬಾ. ಚಿತ್ರಾನ್ನದಲ್ಲಿ 5 ಗ್ರಾಂ. ಮೂರು ಟೀಯ ಹಾಲಿಂದ 5. ಮಧ್ಯಾಹ್ನದ ಊಟದಲ್ಲಿ 9. ಪಿ.ಜಿ. ಸಾರಲ್ಲಿ ಬೇಳೆಗಿಂತ ನೀರೇ ಜಾಸ್ತಿ ಅಂತ ಹಿಡಿದಿದ್ದೇನೆ. ಮಸಾಲೆಪುರಿಗೆ 5. ಚಪಾತಿಗೆ 9, ಸಾಗುಗೆ 2, ಅನ್ನ ಮಜ್ಜಿಗೆಗೆ 3. ಒಟ್ಟು 38 ಗ್ರಾಂ.

ವ್ಯಾಯಾಮ ಮಾಡದೆ ಮನೆಯಲ್ಲಿ ಕೂತವರಿಗೂ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ನಿನ್ನ ತೂಕಕ್ಕೆ ಅದು 45 ಗ್ರಾಂ. ಅಷ್ಟೂ ನಿನಗೆ ಸಿಗುತ್ತಿಲ್ಲ. ಭಾರ ಎತ್ತಿ ಸ್ನಾಯು ಬೆಳೆಸಬೇಕು ಅನ್ನುವವರು ಕೆ.ಜಿ.ಗೆ 1.6 ಗ್ರಾಂ ಹತ್ತಿರ ತಿಂದರೆ ಒಳ್ಳೆಯದು. ಅಂದರೆ 86 ಗ್ರಾಂ. ಹೊಟ್ಟೆ ತುಂಬುತ್ತಿದೆ ನಿಜ, ಆದರೆ ತುಂಬುತ್ತಿರುವುದು ಅಕ್ಕಿ ಮತ್ತು ಗೋಧಿಯಿಂದ. ಮನೆ ಕಟ್ಟಲು ಮೇಸ್ತ್ರಿ ಬಂದಿದ್ದಾನೆ, ಇಟ್ಟಿಗೆ ಬಂದಿಲ್ಲ.

ಅಡುಗೆ ಮಾಡದೆ ಪಿ.ಜಿ.ಯಲ್ಲೇ ಆಗುವಂಥದ್ದು ಹೇಳುತ್ತೇನೆ. ಮೂರು ಬೇಯಿಸಿದ ಮೊಟ್ಟೆ, ಅದರಲ್ಲಿ 18 ಗ್ರಾಂ. ಅರ್ಧ ಲೀಟರ್ ಹಾಲು, 16 ಗ್ರಾಂ. 50 ಗ್ರಾಂ ಹುರಿಗಡಲೆ, 10 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 30 ಗ್ರಾಂ ತೂಗಿದರೆ 7 ಗ್ರಾಂ. ಒಟ್ಟು 51. ನಿನ್ನ 38ಕ್ಕೆ ಸೇರಿಸು, 89 ಆಯ್ತು. ಮೊಟ್ಟೆ ತಿನ್ನದಿದ್ದರೆ ಅದರ ಜಾಗಕ್ಕೆ 35 ಗ್ರಾಂ ಸೋಯಾ ಚಂಕ್ಸ್ ಹಾಕು, ಅಷ್ಟೇ ಪ್ರೋಟೀನ್ ಬರುತ್ತದೆ.

ಇನ್ನು ಆ 3,800 ರೂಪಾಯಿ. ಒಂದು ಮೊಟ್ಟೆಗೆ 7 ರೂಪಾಯಿ ಹಿಡಿದರೂ 540 ಮೊಟ್ಟೆ. ದಿನಕ್ಕೆ ಮೂರರಂತೆ ಆರು ತಿಂಗಳು ಬರುತ್ತದೆ. ಸಾಮಾನ್ಯವಾಗಿ ಮಾಸ್ ಗೇನರ್ ಡಬ್ಬದಲ್ಲಿ ಮುಕ್ಕಾಲು ಪಾಲು ಇರುವುದು ಸಕ್ಕರೆಯ ಜಾತಿಯ ಪುಡಿ. ಡಬ್ಬದ ಹಿಂದೆ ಬರೆದಿರುತ್ತದೆ, ಓದಿ ನೋಡು.

ಕಬ್ಬಿಣ_ಕಸರತ್ತು (ಸೋಮವಾರ, ಬೆಳಗ್ಗೆ 8:20)

ಅಕ್ಕ ತಟ್ಟೆ ನೋಡಿದರು. ನಾನು ಕಸರತ್ತು ನೋಡುತ್ತೇನೆ.

ನಿನ್ನ ವಾರದಲ್ಲಿ ಕಾಲು ಎಲ್ಲಿದೆ? ಬೆನ್ನು ಎಲ್ಲಿದೆ? ಎದೆ ಎರಡು ದಿನ, ಬೈಸೆಪ್ಸ್ ಎರಡು ದಿನ. ಮೈಯಲ್ಲಿ ದೊಡ್ಡ ಸ್ನಾಯುಗಳು ಇರುವುದು ತೊಡೆ, ಕುಂಡಿ, ಬೆನ್ನಿನಲ್ಲಿ. ಅವುಗಳನ್ನು ಮುಟ್ಟದೆ ತೂಕ ಏರಲಿ ಅಂದರೆ ಹೇಗೆ? ಭುಜದ ನೋವಿಗೂ ಇದೇ ಕಾರಣ ಇರಬಹುದು. ಬರೀ ತಳ್ಳುತ್ತೀಯ, ಎಳೆಯುವುದೇ ಇಲ್ಲ. ಎದ್ದ ಮೇಲೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಬಾಗಿ ಕೂರುತ್ತೀಯ. ಭುಜ ಮುಂದಕ್ಕೆ ಬಂದುಬಿಡುತ್ತದೆ.

ಹೊಸಬರಿಗೆ ನಾನು ಹೇಳಿಕೊಡುವುದು ಐದೇ ಕೆಲಸ. ಕೂತು ಏಳುವುದು, ಸೊಂಟದಿಂದ ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊರುವುದು. ನಿನ್ನ ಅಜ್ಜ ಅಜ್ಜಿ ಇದನ್ನೆಲ್ಲ ದಿನಾ ಮಾಡಿದವರು. ಬಾವಿಯಿಂದ ನೀರು ಸೇದುವುದು ಎಳೆತ, ಮೂಟೆ ಎತ್ತುವುದು ಸೊಂಟದ ಕೆಲಸ, ಬಿಂದಿಗೆ ತರುವುದು ಹೊರುವ ಕೆಲಸ. ನಮಗೆ ಆ ಕೆಲಸ ಇಲ್ಲ, ಅದಕ್ಕೇ ಜಿಮ್.

ಐದು ದಿನ ಬೇಡ, ಮೂರು ದಿನ ಸಾಕು. ಸೋಮ, ಬುಧ, ಶುಕ್ರ. ಪ್ರತಿ ಸಲ ಇಡೀ ಮೈಗೆ ಕೆಲಸ. ಒಂದು ದಿನ ಡಂಬೆಲ್ ಎದೆಗೆ ಹಿಡಿದು ಸ್ಕ್ವಾಟ್, ಡಂಬೆಲ್ ಬೆಂಚ್ ಪ್ರೆಸ್, ಡಂಬೆಲ್ ರೋ (ಬಗ್ಗಿ ಡಂಬೆಲ್ ಸೊಂಟದ ಕಡೆಗೆ ಎಳೆಯುವುದು), ಕೊನೆಗೆ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯುವುದು). ಮುಂದಿನ ಸಲ ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಗ್ಗಿ ಎತ್ತುವುದು), ಶೋಲ್ಡರ್ ಪ್ರೆಸ್ (ತಲೆ ಮೇಲೆ ತಳ್ಳುವುದು), ಲ್ಯಾಟ್ ಪುಲ್‌ಡೌನ್ (ಮೇಲಿನ ಕಂಬಿ ಎದೆಗೆ ಎಳೆಯುವುದು), ಆಮೇಲೆ ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ನಡೆಯುವುದು. ಹೀಗೆ ಬದಲಿಸುತ್ತಾ ಹೋಗು. ಒಂದೊಂದಕ್ಕೂ ಮೂರು ಸೆಟ್, ಸೆಟ್ ಮಧ್ಯೆ ಎರಡು ನಿಮಿಷ ವಿಶ್ರಾಂತಿ. ಬೈಸೆಪ್ಸ್ ಆಸೆ ಇದ್ದರೆ ಕೊನೆಗೆ ಎರಡು ಸೆಟ್ ಮಾಡು, ತಪ್ಪಿಲ್ಲ. ಭುಜ ಸರಿಯಾಗುವ ತನಕ ಬಾರ್‌ಬೆಲ್ ಬಿಡು, ಬೆಂಚ್ ಮೇಲೆ ಮೊಣಕೈ ಅಗಲಕ್ಕೆ ಚಾಚಬೇಡ, ಪಕ್ಕೆಗೆ ಸ್ವಲ್ಪ ಹತ್ತಿರ ಇರಲಿ. ಎರಡು ವಾರದಲ್ಲಿ ನೋವು ಕಡಿಮೆ ಆಗದಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತಗೋ. ಎಷ್ಟು ಭಾರ, ಎಷ್ಟು ರೆಪ್ಸ್ (ಒಂದು ಸೆಟ್‌ನಲ್ಲಿ ಎಷ್ಟು ಸಲ), ಅಲ್ಲೇ ನಿಂತು ಬರಿ. 8 ರೆಪ್ಸ್ ಆಗುವ ಭಾರದಿಂದ ಶುರು ಮಾಡು. ಇನ್ನೂ ಎರಡು ಎತ್ತಬಹುದು ಅನಿಸುವಾಗ ನಿಲ್ಲಿಸು. ವಾರ ವಾರ ಒಂದೊಂದು ರೆಪ್ ಏರಿಸು. ಮೂರೂ ಸೆಟ್‌ನಲ್ಲಿ 12 ಆದ ದಿನ ಭಾರ ಒಂದು ಮೆಟ್ಟಿಲು ಏರಿಸಿ ಮತ್ತೆ 8ಕ್ಕೆ ಬಾ. ಸ್ನಾಯುವಿಗೆ ಇವತ್ತಿನ ಕೆಲಸ ಹೋದ ವಾರಕ್ಕಿಂತ ಸ್ವಲ್ಪ ಕಷ್ಟ ಅನಿಸಬೇಕು. ಮೂರು ತಿಂಗಳು ಒಂದೇ ಭಾರ ಎತ್ತಿದರೆ ಅದು ಬೆಳೆಯಲು ಕಾರಣವೇ ಇರುವುದಿಲ್ಲ.

ಗರಡಿ_ಮಟ್ಟಿ (ಸೋಮವಾರ, ಮಧ್ಯಾಹ್ನ 1:10)

ಮಗ, ನಾನು ದಾವಣಗೆರೆಯವನು. ಹದಿನೈದು ವರ್ಷ ಗರಡಿಯಲ್ಲಿ ಸಾಮು ಮಾಡಿದವನು. ನಮ್ಮಲ್ಲಿ ಯಂತ್ರ ಇರಲಿಲ್ಲ. ದಂಡೆ, ಬಸ್ಕಿ, ಹಗ್ಗ ಹತ್ತುವುದು, ಲೋಡು (ಮರದ ಗದೆ) ತಿರುಗಿಸುವುದು, ಗುದ್ದಲಿಯಿಂದ ಮಟ್ಟಿ ಅಗೆಯುವುದು. ಮೇಲಿನವರು ಹೇಳಿದ ತಳ್ಳುವುದು, ಎಳೆಯುವುದು, ಕೂರುವುದು ಎಲ್ಲಾ ಅದರಲ್ಲೇ ಬಂತು. ನೀನೂ ದಿನಾ ಬೆಳಗ್ಗೆ ಎದ್ದು 200 ಬಸ್ಕಿ, 100 ದಂಡೆ ಹೊಡಿ. ಆಮೇಲೆ ಹಸಿ ಮೊಟ್ಟೆ ಹಾಲಿಗೆ ಒಡೆದು ಕುಡಿ. ಮೈ ಕಲ್ಲಾಗುತ್ತದೆ.

ಬೆಂಗಳೂರಲ್ಲಿ ಸುಮಾರು ನೂರು ವರ್ಷದ ಹಿಂದೆಯೇ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸುತ್ತಿದ್ದರು. ಕಾದಂಬರಿ ಬರೆದವರೂ ಅವರೇ. ಬಾರ್‌ಬೆಲ್ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು. ಇದೆಲ್ಲ ನಮಗೆ ಹೊಸದಲ್ಲ ಅಂತ ಹುಡುಗರಿಗೆ ಗೊತ್ತಿರಲಿ ಅಂತ ಹೇಳಿದೆ.

ಕಬ್ಬಿಣ_ಕಸರತ್ತು (ಸೋಮವಾರ, ಮಧ್ಯಾಹ್ನ 2:02)

ಪೈಲ್ವಾನರೇ, ಗರಡಿ ಬಗ್ಗೆ ನನಗೂ ಬಹಳ ಗೌರವ. ನನ್ನ ಮೊದಲ ಪಾಠವೂ ಮೈಸೂರಿನ ಗರಡಿಯಲ್ಲೇ ಆದದ್ದು. ಆದರೆ ಈ ಹುಡುಗನಿಗೆ ಮೊದಲ ದಿನವೇ 200 ಬಸ್ಕಿ ಬೇಡ. ರೂಢಿ ಇಲ್ಲದ ಮೈಗೆ ಒಮ್ಮೆಲೇ ಅಷ್ಟು ಹೊರೆ ಬಿದ್ದರೆ ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟಾಗಬಹುದು. ಹೀಗೆ ಆಸ್ಪತ್ರೆ ಸೇರಿದವನನ್ನು ಕಣ್ಣಾರೆ ನೋಡಿದ್ದೇನೆ. ಗೆಳೆಯರ ಜೊತೆ ಪಂದ್ಯ ಕಟ್ಟಿ 500 ಬಸ್ಕಿ ಹೊಡೆದಿದ್ದ. ಕಸರತ್ತಿನ ಮರುದಿನ ಮೈಕೈ ನೋವು ಬರುವುದು ಸಹಜ, ಎರಡು ಮೂರು ದಿನ ಇರುತ್ತದೆ. ಆದರೆ ತೊಡೆ ಊದಿಕೊಂಡು ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಇದನ್ನು ಓದುತ್ತಿರುವ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಿ.

ಗರಡಿ_ಮಟ್ಟಿ (ಸೋಮವಾರ, ಮಧ್ಯಾಹ್ನ 3:30)

ಸರಿ ಹೇಳಿದಿರಿ. ನಮ್ಮ ಉಸ್ತಾದರೂ ಮೊದಲ ದಿನ 20 ಬಸ್ಕಿ ಹೊಡೆಸಿ ಮನೆಗೆ ಕಳಿಸಿದ್ದರು. 200 ಮುಟ್ಟಲು ವರ್ಷ ಹಿಡಿದಿತ್ತು. ಮಗ, 20ರಿಂದ ಶುರು ಮಾಡು.

ತಟ್ಟೆ_ಲೆಕ್ಕ (ಸೋಮವಾರ, ಸಂಜೆ 6:45)

ಹಸಿ ಮೊಟ್ಟೆ ಬೇಡ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಮೈಗೆ ದಕ್ಕುವಷ್ಟು ಹಸಿ ಮೊಟ್ಟೆಯದು ದಕ್ಕುವುದಿಲ್ಲ. ಹೊಟ್ಟೆ ಕೆಡುವ ಅಪಾಯ ಬೇರೆ. ಹಳದಿ ಬಿಸಾಡಬೇಡಿ. ಒಳ್ಳೆಯ ಅಂಶ ಬಹಳಷ್ಟು ಇರುವುದು ಅದರಲ್ಲೇ.

ಕೊಲ್ಲಿಯಿಂದ_ಕುಂದಾಪ್ರ (ಸೋಮವಾರ, ರಾತ್ರಿ 11:20)

ನಾನು ದುಬೈಯಲ್ಲಿರುವುದು. ತೂಕ ಕಡಿಮೆ ಅಂತ ಬೇಜಾರು ಮಾಡ್ಕೋಬೇಡ ಮಾರಾಯ. ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 56 ಕೆ.ಜಿ. ವಿಭಾಗದಲ್ಲಿ. ಹೆಚ್ಚುಕಡಿಮೆ ನಿನ್ನದೇ ತೂಕ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ಕಂಚು. ಸ್ಪರ್ಧೆಯಲ್ಲಿ ಎರಡು ಬಗೆಯಲ್ಲಿ ಭಾರ ಎತ್ತಬೇಕು, ಎರಡೂ ಸೇರಿ 269 ಕೆ.ಜಿ. ಎತ್ತಿದ್ದರು. ತಂದೆ ವಾಹನ ಚಾಲಕರಾಗಿದ್ದವರು. ದೊಡ್ಡ ಸೌಕರ್ಯ ಇದ್ದ ಮನೆಯಲ್ಲ.

ಮೀನು ತಿನ್ನುವುದಾದರೆ ಬಂಗುಡೆ, ಬೂತಾಯಿ ತಿನ್ನು. 100 ಗ್ರಾಂಗೆ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್. ದುಬಾರಿ ಮೀನೇ ಆಗಬೇಕು ಅಂತಿಲ್ಲ.

ಮುದ್ದೆ_ಪ್ರಿಯ (ಮಂಗಳವಾರ, ಬೆಳಗ್ಗೆ 9:00)

ಇಷ್ಟೆಲ್ಲ ಲೆಕ್ಕ ಯಾಕೆ? ರಾಗಿಮುದ್ದೆ ತಿಂದರೆ ಸಾಲದಾ? ನಮ್ಮಪ್ಪ ಅದನ್ನೇ ತಿಂದು ಗಟ್ಟಿಯಾಗಿದ್ದಾರೆ.

ತಟ್ಟೆ_ಲೆಕ್ಕ (ಮಂಗಳವಾರ, ಬೆಳಗ್ಗೆ 9:48)

ಮುದ್ದೆ ಖಂಡಿತ ತಿನ್ನಿ. ರಾಗಿಯಲ್ಲಿ ಕ್ಯಾಲ್ಸಿಯಂ ಯಾವ ಧಾನ್ಯದಲ್ಲೂ ಇಲ್ಲದಷ್ಟಿದೆ. ಆದರೆ ಪ್ರೋಟೀನ್ 100 ಗ್ರಾಂ ಹಿಟ್ಟಿಗೆ 7 ಗ್ರಾಂ ಅಷ್ಟೇ. ನಿಮ್ಮ ತಂದೆಯವರ ತಟ್ಟೆಯಲ್ಲಿ ಮುದ್ದೆ ಜೊತೆ ಏನಿತ್ತು ಅಂತ ಕೇಳಿ ನೋಡಿ. ಹುರುಳಿಕಾಳು ಸಾರು, ಮೊಳಕೆ ಕಾಳು ಸಾರು, ಅವರೆಕಾಳು ಇದ್ದಿರಬೇಕು. ಹುರುಳಿಯಲ್ಲಿ 100 ಗ್ರಾಂ ಒಣ ಕಾಳಿಗೆ 22 ಗ್ರಾಂ ಇದೆ. ಧಾನ್ಯದಲ್ಲಿ ಕೊರತೆ ಇರುವ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ಹಾಗಾಗಿ ಮುದ್ದೆ ಮತ್ತು ಕಾಳುಸಾರು ನಿಜವಾದ ಜೋಡಿ.

ಒಂದು ವಿಷಯ ಬಹಳ ಮನೆಯಲ್ಲಿ ತಪ್ಪುತ್ತದೆ. ಕಾಳು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ. ಸತ್ವ ಎಲ್ಲಾ ಕಟ್ಟಿಗೆ ಇಳಿಯಿತು ಅಂತ ಸಾರು ಜಾಸ್ತಿ ಹಾಕಿಕೊಂಡು, ಪಲ್ಯ ಒಂದು ಚಮಚ ಹಾಕಿಕೊಳ್ಳುತ್ತೇವೆ. ಪ್ರೋಟೀನ್ ಉಳಿದಿರುವುದು ಕಾಳಿನಲ್ಲೇ. ಬಸ್ಸಾರು ಮಾಡಿದ ದಿನ ಪಲ್ಯವನ್ನು ಒಂದು ಬಟ್ಟಲು ತುಂಬಾ ತಿನ್ನಿ.

ಶೇಂಗಾ_ಹಿಂಡಿ (ಮಂಗಳವಾರ, ಮಧ್ಯಾಹ್ನ 12:15)

ನಾನು ಧಾರವಾಡದಾಕಿ. ವಯಸ್ಸು 41. ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ. ಡಾಕ್ಟರು ತೊಡೆಯ ಬಲ ಹೆಚ್ಚಿಸಿಕೊಳ್ಳಿ ಅಂದರು. ಭಾರ ಎತ್ತಿದರೆ ಗಂಡಸರ ಹಾಗೆ ಮೈ ಆಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರ್ರೀ. ಜಿಮ್‌ಗೆ ಹೋಗಲು ಆಗುವುದಿಲ್ಲ. ಮನೆಯಲ್ಲೇ ಏನಾದರೂ ಮಾಡಬಹುದಾ? ಊಟ ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮೊಸರು.

ಕಬ್ಬಿಣ_ಕಸರತ್ತು (ಮಂಗಳವಾರ, ಮಧ್ಯಾಹ್ನ 1:40)

ಅಕ್ಕಾ, ಆ ಭಯ ಬಿಡಿ. ಗಂಡಸರ ಮೈ ಹಾಗೆ ಬೆಳೆಯಲು ಕಾರಣವಾದ ಟೆಸ್ಟೋಸ್ಟೆರಾನ್ ಹೆಂಗಸರಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ನಿಮ್ಮ ವಯಸ್ಸಿಗೆ ಇದು ಅಗತ್ಯವೇ. ಮೂವತ್ತು ದಾಟಿದ ಮೇಲೆ ಸುಮ್ನೆ ಕೂತರೆ ಸ್ನಾಯು ನಿಧಾನವಾಗಿ ಕರಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ದೊಡ್ಡವರೆಲ್ಲ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಅಂದಿದೆ. ಗಂಡು ಹೆಣ್ಣು ಭೇದ ಇಲ್ಲ.

ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರಿ. ಹತ್ತು ಸಲ, ಮೂರು ಸೆಟ್. ನೋವಾದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಗೋಡೆಗೆ ಕೈ ಕೊಟ್ಟು ದಂಡೆ. 5 ಲೀಟರಿನ ನೀರಿನ ಕ್ಯಾನ್ ಅಂದರೆ 5 ಕೆ.ಜಿ.ಯ ಡಂಬೆಲ್ ಇದ್ದಂತೆ. ಒಂದು ಕೈಯನ್ನು ಕಟ್ಟೆಗೆ ಊರಿ ಬಗ್ಗಿ, ಇನ್ನೊಂದು ಕೈಯಿಂದ ಕ್ಯಾನನ್ನು ಸೊಂಟದ ಕಡೆಗೆ ಎಳೆಯಿರಿ. ಕುರ್ಚಿಯದು ಸುಲಭ ಅನಿಸಿದ ದಿನ ಅದೇ ಕ್ಯಾನ್ ಎದೆಗೆ ಅಪ್ಪಿಕೊಂಡು ಏಳಿ.

ತಟ್ಟೆ_ಲೆಕ್ಕ (ಮಂಗಳವಾರ, ಮಧ್ಯಾಹ್ನ 2:10)

ನಿಮ್ಮ ಊಟ ಚೆನ್ನಾಗಿದೆ ಅಕ್ಕ. ಪಲ್ಯ ಬರೀ ಬದನೆಕಾಯಿ, ಸೊಪ್ಪಿನದಾಗದೆ ಮಡಿಕೆಕಾಳು, ಹೆಸರುಕಾಳು ಇರಲಿ. ಮೊಸರು ಒಂದು ದೊಡ್ಡ ಬಟ್ಟಲು. ಸಸ್ಯಾಹಾರಿಗಳಾದರೆ ಬಿ12 ಮತ್ತು ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಇವೆರಡು ಕಡಿಮೆ ಇದ್ದು ಸುಸ್ತು, ಮೈಕೈ ನೋವು ಅನುಭವಿಸುವವರನ್ನು ದಿನಾ ನೋಡುತ್ತೇನೆ.

ರಾತ್ರಿ_ಪಾಳಿ (ಬುಧವಾರ, ನಸುಕಿನ 4:30)

ಬಲ ಹೆಚ್ಚಿಸುವ ಪುಡಿ ಅಂತಾರಲ್ಲ, ಆ ಕ್ರಿಯಾಟಿನ್ ತಗೊಳ್ಳಬಹುದಾ? ಕಿಡ್ನಿ ಹಾಳಾಗುತ್ತೆ ಅಂತಾರೆ. ಇನ್ನೊಬ್ಬ ಇಂಜೆಕ್ಷನ್ ತಗೋ, ಎರಡು ತಿಂಗಳಲ್ಲಿ ಮೈ ಬರುತ್ತೆ ಅಂದ.

ತಟ್ಟೆ_ಲೆಕ್ಕ (ಬುಧವಾರ, ಬೆಳಗ್ಗೆ 7:20)

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಕ್ರಿಯಾಟಿನ್ ಬಗ್ಗೆ ಬಹಳ ವರ್ಷಗಳಿಂದ ಸಂಶೋಧನೆ ನಡೆದಿದೆ. ಆರೋಗ್ಯವಂತರಿಗೆ ದಿನಕ್ಕೆ 3ರಿಂದ 5 ಗ್ರಾಂ ಸುರಕ್ಷಿತ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ತಗೊಳ್ಳುತ್ತಿರುವಾಗ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಬೇರೊಂದು ಅಂಶ) ಸ್ವಲ್ಪ ಜಾಸ್ತಿ ತೋರಿಸಬಹುದು, ಕಿಡ್ನಿಗೆ ಏನೂ ಆಗಿರದಿದ್ದರೂ. ಆದ್ದರಿಂದ ಡಾಕ್ಟರಿಗೆ ಮೊದಲೇ ಹೇಳಿ.

ಇಂಜೆಕ್ಷನ್ ಅಂದರೆ ಸ್ಟೆರಾಯ್ಡ್. ವೃಷಣ ಕುಗ್ಗುತ್ತದೆ, ಮಕ್ಕಳಾಗುವುದು ಕಷ್ಟವಾಗುತ್ತದೆ, ಹೃದಯಕ್ಕೆ ಹೊಡೆತ. ದಯವಿಟ್ಟು ಬೇಡ. ಕೈಮುಗಿದು ಕೇಳುತ್ತೇನೆ. ಮತ್ತೆ ನಿಮ್ಮದು ರಾತ್ರಿ ಪಾಳಿ ಅಂತ ಕಾಣುತ್ತದೆ. ಹಗಲಲ್ಲಿ ಕೋಣೆ ಕತ್ತಲು ಮಾಡಿಕೊಂಡು ಏಳು ಗಂಟೆ ನಿದ್ದೆ ಮಾಡಿ. ಕ್ರಿಯಾಟಿನ್‌ಗಿಂತ ನಿಮಗೆ ಮೊದಲು ಬೇಕಾದ್ದು ಅದು.

ಹಾಸನದ_ಹುಡುಗ (ನಾಲ್ಕು ವಾರದ ನಂತರ)

ಎಲ್ಲಾ ಹೇಳಿದ ಹಾಗೇ ಮಾಡುತ್ತಿದ್ದೇನೆ. ಮೊಟ್ಟೆಯನ್ನು ಪಿ.ಜಿ. ಅಡುಗೆ ಅಕ್ಕ ಬೇಯಿಸಿ ಕೊಡುತ್ತಾರೆ. ಭುಜದ ನೋವು ಬಹುಪಾಲು ಹೋಗಿದೆ. ಸ್ಕ್ವಾಟ್ 10 ಕೆ.ಜಿ.ಯಿಂದ 16ಕ್ಕೆ ಬಂತು. ಆದರೆ ಕನ್ನಡಿಯಲ್ಲಿ ಏನೂ ಕಾಣುತ್ತಿಲ್ಲ ಅಣ್ಣ. ತೂಕ 55. ಬಲ ಬಂದರೂ ಮೈ ಯಾಕೆ ಬರುತ್ತಿಲ್ಲ?

ಕಬ್ಬಿಣ_ಕಸರತ್ತು

ಬಲ ಮೊದಲು ಬರುವುದೇ ಸರಿ. ಶುರುವಿನ ವಾರಗಳಲ್ಲಿ ಕಲಿಯುವುದು ನರಗಳು. ಇರುವ ಸ್ನಾಯುವನ್ನೇ ಒಟ್ಟಿಗೆ ದುಡಿಸುವುದು ಹೇಗೆ ಅಂತ ಮಿದುಳು ಕಲಿಯುತ್ತಿದೆ. ಸೈಕಲ್ ಕಲಿತ ಹಾಗೆ. ಸ್ನಾಯು ಕಣ್ಣಿಗೆ ಕಾಣುವಷ್ಟು ದಪ್ಪ ಆಗಲು ಎರಡು ಮೂರು ತಿಂಗಳು ಬೇಕು. ಕನ್ನಡಿ ಬಿಡು, ಟೇಪ್ ತಗೋ. ತೋಳು, ಎದೆ, ತೊಡೆ ಅಳೆದು ಬರೆದಿಡು. ನಾಲ್ಕು ವಾರಕ್ಕೊಮ್ಮೆ ಅಳೆದರೆ ಸಾಕು.

ಹಾಸನದ_ಹುಡುಗ (ಹನ್ನೆರಡು ವಾರದ ನಂತರ)

ನೋಟ್‌ಬುಕ್ ನೋಡಿ ಬರೆಯುತ್ತಿದ್ದೇನೆ. ತೂಕ 57.4. ಸ್ಕ್ವಾಟ್ 24 ಕೆ.ಜಿ., ಡಂಬೆಲ್ ಬೆಂಚ್ ಒಂದೊಂದು ಕೈಗೆ 7.5ರಿಂದ 15, ಪುಲ್‌ಡೌನ್ 25ರಿಂದ 45, ರೊಮೇನಿಯನ್ ಡೆಡ್‌ಲಿಫ್ಟ್ 20ರಿಂದ 50. ತೊಡೆ ಮೂರು ಸೆಂ.ಮೀ. ಹೆಚ್ಚಾಗಿದೆ. ಹಳೇ ಪ್ಯಾಂಟ್ ಬಿಗಿಯಾಗುತ್ತಿದೆ. ಡಬ್ಬ ತಗೊಳ್ಳಲೇ ಇಲ್ಲ. ಈ ಬಾರಿ ಊರಲ್ಲಿ ಅಜ್ಜಿ ತೋಳು ಹಿಡಿದು ನೋಡಿದರು.

ಈಗ ಹಬ್ಬಕ್ಕೆ ಅಂತ ಬಂದವನು ಹತ್ತು ದಿನದಿಂದ ಊರಲ್ಲೇ ಇದ್ದೇನೆ. ಜಿಮ್ ಇಲ್ಲ. ಬೆಳೆದದ್ದೆಲ್ಲ ಹೋಗಿಬಿಡುತ್ತಾ?

ಕಬ್ಬಿಣ_ಕಸರತ್ತು

ಹೋಗಲ್ಲ ತಮ್ಮ. ಎರಡು ವಾರ ಬಿಟ್ಟರೆ ಸ್ನಾಯು ಕರಗುವುದಿಲ್ಲ. ಊರಲ್ಲಿ ಇರುವಷ್ಟು ದಿನ ದಂಡೆ, ಬಸ್ಕಿ ಹೊಡಿ, ಅಪ್ಪನ ಜೊತೆ ಮೂಟೆ ಎತ್ತು. ವಾಪಸ್ ಬಂದ ಮೊದಲ ದಿನ ಸ್ಕ್ವಾಟ್ 24 ಬೇಡ, 20ರಿಂದ ಶುರು ಮಾಡು. ಒಂದೇ ವಾರದಲ್ಲಿ ಹಳೇ ಜಾಗಕ್ಕೆ ಬರುತ್ತೀಯ.

ಇನ್ನೊಂದು. ನಿನ್ನ ತೂಕ 57 ಆದ ಮೇಲೆ ಪ್ರೋಟೀನ್ ಲೆಕ್ಕವೂ 91 ಗ್ರಾಂ ಆಯ್ತು, 86 ಅಲ್ಲ.

ಹಾಸನದ_ಹುಡುಗ

ಸರಿ ಅಣ್ಣ. ಅಮ್ಮ ಎರಡು ಕೆ.ಜಿ. ಹುರುಳಿಕಾಳು ಕಟ್ಟಿ ಕೊಡುತ್ತಿದ್ದಾರೆ. ಪಿ.ಜಿ.ಯಲ್ಲಿ ಮೊಳಕೆ ಕಟ್ಟಿ ಹಸಿಯಾಗೇ ತಿನ್ನಬಹುದಾ ತಟ್ಟೆ ಅಕ್ಕ?

ತಟ್ಟೆ_ಲೆಕ್ಕ

ಹಸಿಯಾಗಿ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಮೊಟ್ಟೆ ಬೇಯಿಸಿ ಕೊಡುವ ಅಡುಗೆ ಅಕ್ಕನಿಗೇ ಒಂದು ಕೆ.ಜಿ. ಕೊಟ್ಟುಬಿಡು. ರಾತ್ರಿ ನೆನೆಸಿ ಕುಕ್ಕರ್‌ನಲ್ಲಿ ನಾಲ್ಕು ಕೂಗು ಕೂಗಿಸಿದರೆ ಪಿ.ಜಿ.ಯವರಿಗೆಲ್ಲ ಒಂದು ದಿನ ಹುರುಳಿಸಾರು ಆಗುತ್ತದೆ. ಬಡಿಸುವಾಗ ಸೌಟನ್ನು ಪಾತ್ರೆಯ ತಳಕ್ಕೆ ಹಾಕಿಸು.